ಪುಟ್ಟ ಸುಸ್ಥಿರ ಮನೆಯ ವಿನ್ಯಾಸ: ಮೊದಲ ಗೆರೆಯಿಂದ ಮೊದಲ ಮಳೆಯವರೆಗೆ

ಸುಸ್ಥಿರ ಮನೆ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಚಾವಣಿಯ ಮೇಲಿನ ಸೌರ ಫಲಕ, ಮಣ್ಣಿನ ಗೋಡೆ, ಮಳೆನೀರಿನ ತೊಟ್ಟಿ. ಇವೆಲ್ಲ ಬೇಕಾದವುಗಳೇ ಸರಿ. ಆದರೆ ವಿನ್ಯಾಸದ ಸರದಿಯಲ್ಲಿ ಇವು ಕೊನೆಯ ಸಾಲಿನಲ್ಲಿ ನಿಲ್ಲುವಂಥವು. ಮನೆಯೊಂದು ತನ್ನ ಜೀವಮಾನದಲ್ಲಿ ಎಷ್ಟು ಸಾಮಗ್ರಿ, ಎಷ್ಟು ವಿದ್ಯುತ್ತು, ಎಷ್ಟು ನೀರು ಬೇಡುತ್ತದೆ ಎಂಬುದರ ಬಹುಪಾಲು ಅದರ ಅಳತೆ, ದಿಕ್ಕು, ಆಕಾರ ಮತ್ತು ಕಿಟಕಿಗಳ ಜಾಗ ಗೊತ್ತಾಗುವ ಹೊತ್ತಿಗೇ ತೀರ್ಮಾನವಾಗಿ ಹೋಗಿರುತ್ತದೆ. ಈ ನಾಲ್ಕನ್ನೂ ಕಾಗದದ ಮೇಲೆ ಅಳಿಸಿ ತಿದ್ದಬಹುದು. ಕಾಂಕ್ರೀಟು ಬಿದ್ದ ಮೇಲೆ ತಿದ್ದಲಾಗದು. ಸೌರ ಫಲಕವನ್ನಾದರೋ ಐದು ವರ್ಷ ಕಳೆದ ಮೇಲೂ ಕೂರಿಸಬಹುದು. ಆದ್ದರಿಂದ ಆಮೇಲೆ ಬದಲಿಸಲಾಗದ ನಿರ್ಧಾರಗಳು ಮೊದಲು, ಬದಲಿಸಬಹುದಾದವು ಕೊನೆಗೆ ಎಂಬ ಕ್ರಮದಲ್ಲಿ ಇಲ್ಲಿನ ಹೆಜ್ಜೆಗಳನ್ನು ಜೋಡಿಸಿದ್ದೇನೆ.

ಲೆಕ್ಕಗಳು ಗಾಳಿಯಲ್ಲಿ ತೇಲದಿರಲಿ ಎಂದು ಉದ್ದಕ್ಕೂ ಒಂದೇ ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದು ಇಬ್ಬರು ವಾಸಿಸುವ, 50 ಚದರ ಮೀಟರ್, ಅಂದರೆ ಸುಮಾರು 540 ಚದರಡಿ ವಿಸ್ತೀರ್ಣದ ಮನೆ.

1. ಕೋಣೆಗಳ ಪಟ್ಟಿಯ ಬದಲು ಕೆಲಸಗಳ ಪಟ್ಟಿ ಬರೆಯಬೇಕು

ಮನೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಎರಡು ಮಲಗುವ ಕೋಣೆ, ಒಂದು ಹಜಾರ, ಒಂದು ಅಡುಗೆಮನೆ ಎಂದು ಎಣಿಸಲು ತೊಡಗುತ್ತಾರೆ. ಮನೆ ಹಿಗ್ಗತೊಡಗುವುದು ಅಲ್ಲಿಂದಲೇ, ಏಕೆಂದರೆ ಕೋಣೆಯೊಂದಕ್ಕೆ ಹೆಸರು ಬಿದ್ದ ಕೂಡಲೇ ಅದಕ್ಕೆ ನಾಲ್ಕು ಗೋಡೆ, ಒಂದು ಬಾಗಿಲು ಮತ್ತು ಅದನ್ನು ತಲುಪಲು ಒಂದು ಓಣಿ ಬೇಕಾಗುತ್ತದೆ. ಇದರ ಬದಲು ಈಗ ವಾಸವಿರುವ ಮನೆಯಲ್ಲಿ ಎರಡು ವಾರ ಒಂದು ನೋಟ್‌ಬುಕ್ಕು ಇಟ್ಟುಕೊಂಡು, ಯಾರು ಯಾವ ಹೊತ್ತಿನಲ್ಲಿ ಎಲ್ಲಿ ಕುಳಿತು ಏನು ಮಾಡಿದರು ಎಂಬುದನ್ನು ಬರೆಯುತ್ತ ಹೋಗಬೇಕು. ಓದುವುದು, ಬಟ್ಟೆ ಒಣಹಾಕುವುದು, ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವುದು, ಒದ್ದೆ ಕೊಡೆ ಇಡುವುದು, ಬಂದವರನ್ನು ಕೂರಿಸುವುದು, ಕಾಯಿಲೆ ಬಿದ್ದಾಗ ಮಲಗುವುದು, ಎಲ್ಲವೂ ಅದರಲ್ಲಿ ಬರಲಿ.

ಎರಡು ವಾರ ಕಳೆದ ಮೇಲೆ ಪಟ್ಟಿಯಲ್ಲಿ ಎರಡು ಸಂಗತಿಗಳನ್ನು ಹುಡುಕಬೇಕು. ಒಂದೇ ಹೊತ್ತಿಗೆ ಬೀಳದ ಎರಡು ಕೆಲಸಗಳು ಯಾವುವು ಎಂಬುದು ಮೊದಲನೆಯದು. ಅವು ಒಂದೇ ಜಾಗವನ್ನು ಹಂಚಿಕೊಳ್ಳಬಹುದು. ಒಂದರ ಸದ್ದು, ವಾಸನೆ ಅಥವಾ ಬೆಳಕು ಇನ್ನೊಂದನ್ನು ಕೆಡಿಸುವ ಕೆಲಸಗಳು ಯಾವುವು ಎಂಬುದು ಎರಡನೆಯದು. ಅವುಗಳ ನಡುವೆ ಮಾತ್ರ ನಿಜವಾದ ಗೋಡೆ ಬೇಕು. ವರ್ಷಕ್ಕೆ ನಾಲ್ಕು ದಿನ ಬರುವ ಅತಿಥಿಗಾಗಿ ಕಟ್ಟಿದ ಕೋಣೆಯನ್ನು ಉಳಿದ 361 ದಿನ ಗುಡಿಸಿ, ಒರೆಸಿ, ಬಣ್ಣ ಬಳಿದು ಸಾಕಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅನೇಕ ಕೋಣೆಗಳು ತಾವಾಗಿಯೇ ಪಟ್ಟಿಯಿಂದ ಜಾರಿಹೋಗುತ್ತವೆ.

ಹಾಗೆಂದು ಎಲ್ಲವನ್ನೂ ಕತ್ತರಿಸುತ್ತ ಹೋಗುವುದೂ ಸರಿಯಲ್ಲ. ಸಾಮಾನು ಇಡುವ ಜಾಗವನ್ನು ಕತ್ತರಿಸಿದ ಪುಟ್ಟ ಮನೆ ಆರು ತಿಂಗಳೊಳಗೆ ಗೋದಾಮಾಗುತ್ತದೆ. ನೆಲದ ವಿಸ್ತೀರ್ಣದ ಹತ್ತರಲ್ಲೊಂದು ಪಾಲನ್ನಾದರೂ ಗೋಡೆ ಕಪಾಟು, ಅಟ್ಟ, ಮಂಚದಡಿಯ ಪೆಟ್ಟಿಗೆ ಮುಂತಾದವಕ್ಕೆ ಮೊದಲೇ ಮೀಸಲಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

2. ನಿವೇಶನದಲ್ಲಿ ಒಂದು ಇಡೀ ದಿನ ಕಳೆಯಬೇಕು

ಬೆಳಗಿನಿಂದ ಸಂಜೆಯವರೆಗೆ ಜಾಗದಲ್ಲಿ ಕೂರದೆ ನಕ್ಷೆ ಬರೆಯಬಾರದು. ಒಂದು ಮೀಟರ್ ಉದ್ದದ ನೇರ ಕೋಲನ್ನು ಸಮತಟ್ಟು ನೆಲದಲ್ಲಿ ನೆಟ್ಟು, ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಒಂದು ಗೂಟ ಹೊಡೆಯುತ್ತ ಹೋಗಬೇಕು. ನೆರಳು ಅತಿ ಗಿಡ್ಡವಾಗಿರುವ ಗಳಿಗೆಯಲ್ಲಿ ಅದು ಬಿದ್ದಿರುವ ಗೆರೆಯೇ ನಿಜವಾದ ಉತ್ತರ-ದಕ್ಷಿಣ; ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರವನ್ನು, ಅದು ನಿಜದ ಉತ್ತರದಿಂದ ಕೆಲವೆಡೆ ಹಲವು ಡಿಗ್ರಿ ಸರಿದಿರುತ್ತದೆ. ಪಕ್ಕದ ಕಟ್ಟಡ, ಮರಗಳ ನೆರಳು ಯಾವ ಹೊತ್ತಿಗೆ ಎಲ್ಲಿಗೆ ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಸದ್ದು ಯಾವ ಕಡೆಯಿಂದ ಬರುತ್ತದೆ, ಮಳೆ ಬಂದರೆ ನೀರು ಎತ್ತ ಹರಿದೀತು ಎಂಬುದನ್ನೆಲ್ಲ ಅದೇ ದಿನ ಗುರುತು ಹಾಕಿಕೊಳ್ಳಬೇಕು.

ಮಣ್ಣಿನ ಗುಣ ತಿಳಿಯಲು ಒಂದು ಗಾಜಿನ ಜಾಡಿ ಸಾಕು. ಮೇಲ್ಮಣ್ಣನ್ನು ತೆಗೆದು, ಅದರ ಕೆಳಗಿನ ಮಣ್ಣನ್ನು ಜಾಡಿಯ ಮೂರನೆಯ ಒಂದು ಭಾಗದಷ್ಟು ತುಂಬಿ, ನೀರು ಹಾಕಿ, ಒಂದು ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಬೇಕು. ಮೊದಲ ನಿಮಿಷದಲ್ಲೇ ಮರಳು ತಳ ಸೇರುತ್ತದೆ, ಗಂಟೆಗಳಲ್ಲಿ ನಯವಾದ ರೇವೆ ಮಣ್ಣು ಅದರ ಮೇಲೆ ಕೂರುತ್ತದೆ, ಜೇಡಿ ಮಾತ್ರ ಒಂದು ದಿನವೋ ಅದಕ್ಕಿಂತ ಹೆಚ್ಚೋ ನೀರಿನಲ್ಲಿ ತೇಲಾಡಿ ನಿಧಾನವಾಗಿ ಇಳಿಯುತ್ತದೆ. ಜಾಡಿಯ ಪಕ್ಕಕ್ಕೆ ಅಳತೆಪಟ್ಟಿ ಹಿಡಿದು ಮೂರು ಪದರಗಳ ದಪ್ಪ ಅಳೆದರೆ ಪಾಲು ಸಿಗುತ್ತದೆ. ಮೂರರಲ್ಲಿ ಎರಡು ಪಾಲಿನಷ್ಟು ಮರಳು, ಶೇ. 10ರಿಂದ 15ರಷ್ಟು ಜೇಡಿ ಇದ್ದರೆ ಆ ಮಣ್ಣು ಒತ್ತಿದ ಮಣ್ಣಿನ ಇಟ್ಟಿಗೆಗೆ ಒಗ್ಗುತ್ತದೆ. ಜೇಡಿ ಬಹಳವಾಗಿದ್ದು, ಒಣಗಿದಾಗ ನೆಲ ಬಿರುಕು ಬಿಡುವಂತಿದ್ದರೆ, ಅದು ತೇವದಲ್ಲಿ ಉಬ್ಬಿ ಬಿಸಿಲಿನಲ್ಲಿ ಕುಗ್ಗುವ ಮಣ್ಣು. ಅಲ್ಲಿ ತಳಪಾಯದ ವಿಚಾರವನ್ನು ಎಂಜಿನಿಯರರ ಸಲಹೆಯಿಲ್ಲದೆ ಮುಟ್ಟಬಾರದು.

ಇದೇ ಭೇಟಿಯಲ್ಲಿ ಮೊಣಕೈ ಆಳದ ಒಂದು ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಎರಡನೆಯ ಸಲ ಇಂಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದಿಟ್ಟುಕೊಂಡರೆ, ಮುಂದೆ ಇಂಗುಗುಂಡಿಯ ಲೆಕ್ಕಕ್ಕೆ ಉಪಯೋಗವಾಗುತ್ತದೆ. ಇರುವ ಮರಗಳನ್ನು ಕಡಿಯುವ ಮಾತು ಬೇಡ; ಪಶ್ಚಿಮದಲ್ಲಿ ನಿಂತ ಒಂದು ದೊಡ್ಡ ಮರ ಮಾಡುವ ಕೆಲಸವನ್ನು ಯಾವ ಪರದೆಯೂ ಮಾಡಲಾರದು.

3. ಸೂರ್ಯನ ಲೆಕ್ಕ

ಇದು ಕಷ್ಟದ ಗಣಿತವಲ್ಲ. ಮಧ್ಯಾಹ್ನದಲ್ಲಿ ಸೂರ್ಯ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿರುತ್ತಾನೆ ಎಂಬುದನ್ನು ತಿಳಿಯಲು 90ರಿಂದ ಊರಿನ ಅಕ್ಷಾಂಶವನ್ನು ಕಳೆದು, ಬೇಸಗೆಯ ಅತಿ ದೀರ್ಘ ಹಗಲಿಗೆ 23.4 ಕೂಡಿಸಬೇಕು, ಚಳಿಗಾಲದ ಅತಿ ಗಿಡ್ಡ ಹಗಲಿಗೆ 23.4 ಕಳೆಯಬೇಕು. ಉದಾಹರಣೆಗೆ 35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಜೂನ್ ತಿಂಗಳ ಆ ದಿನ ಸೂರ್ಯ 78.4 ಡಿಗ್ರಿ ಎತ್ತರದಲ್ಲಿಯೂ, ಡಿಸೆಂಬರಿನಲ್ಲಿ 31.6 ಡಿಗ್ರಿ ಎತ್ತರದಲ್ಲಿಯೂ ಇರುತ್ತಾನೆ. ಅಲ್ಲಿ ದಕ್ಷಿಣಕ್ಕೆ ಮುಖಮಾಡಿದ, 1.2 ಮೀಟರ್ ಎತ್ತರದ ಕಿಟಕಿಯ ನೆತ್ತಿಗೆ ಸರಿಯಾಗಿ 45 ಸೆಂಟಿಮೀಟರ್ ಚಾಚಿದ ಸಜ್ಜಾ ಇಟ್ಟರೆ ಬೇಸಗೆಯ ಮಧ್ಯಾಹ್ನದಲ್ಲಿ ಕಿಟಕಿ ಪೂರ್ತಿ ನೆರಳಿನಲ್ಲಿರುತ್ತದೆ. ಚಳಿಗಾಲದಲ್ಲಿ ಮೇಲಿನ 28 ಸೆಂಟಿಮೀಟರಿಗೆ ಮಾತ್ರ ನೆರಳು ಬಿದ್ದು, ಉಳಿದ 92 ಸೆಂಟಿಮೀಟರಿನಲ್ಲಿ ಬಿಸಿಲು ಒಳಗೆ ನುಗ್ಗುತ್ತದೆ. ಬೇಡವಾದಾಗ ತಡೆದು, ಬೇಕಾದಾಗ ಬಿಡುವ ಈ ಯಂತ್ರಕ್ಕೆ ಚಲಿಸುವ ಭಾಗವೂ ಇಲ್ಲ, ವಿದ್ಯುತ್ತೂ ಬೇಡ.

ಪೂರ್ವ ಮತ್ತು ಪಶ್ಚಿಮದ ಕಿಟಕಿಗಳಿಗೆ ಈ ಉಪಾಯ ನಡೆಯದು. ಸಂಜೆ ಸೂರ್ಯ 30 ಡಿಗ್ರಿಗೆ ಇಳಿದಾಗ 60 ಸೆಂಟಿಮೀಟರ್ ಚಾಚಿದ ಸಜ್ಜಾ ಕೂಡ ಕಿಟಕಿಯ ಮೇಲಿನ 35 ಸೆಂಟಿಮೀಟರನ್ನಷ್ಟೇ ಕಾಯುತ್ತದೆ. ಆದ್ದರಿಂದ ಮನೆಯ ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖಮಾಡಿ, ಗಿಡ್ಡ ಗೋಡೆಗಳು ಪೂರ್ವ-ಪಶ್ಚಿಮಕ್ಕೆ ಬರುವಂತೆ ಮನೆಯನ್ನು ತಿರುಗಿಸಿಡುವುದೇ ಸರಿಯಾದ ಪರಿಹಾರ. ಪಶ್ಚಿಮದಲ್ಲಿ ಕಿಟಕಿ ಬಿಡಲೇಬೇಕಾದರೆ ಅದು ಸಣ್ಣದಾಗಿರಲಿ, ಹೊರಗಡೆ ಲಂಬವಾದ ಪಟ್ಟಿಯೋ ಜಾಲಂಧ್ರವೋ ಬಳ್ಳಿಯೋ ಇರಲಿ. ಒಳಗಿನ ಪರದೆ ಬಿಸಿಲಿನ ಬೆಳಕನ್ನು ತಡೆಯುತ್ತದೆಯೇ ಹೊರತು ಶಾಖವನ್ನಲ್ಲ, ಗಾಜು ದಾಟಿ ಒಳಬಂದ ಶಾಖ ಪರದೆಗೆ ತಾಗಿ ಕೋಣೆಯಲ್ಲೇ ಉಳಿಯುತ್ತದೆ.

ಅಕ್ಷಾಂಶ 23.4ಕ್ಕಿಂತ ಕಡಿಮೆ ಇರುವ ಉಷ್ಣವಲಯದಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಅಲ್ಲಿ ವರ್ಷದ ಕೆಲವು ವಾರ, ಸಮಭಾಜಕಕ್ಕೆ ಹತ್ತಿರವಾದಷ್ಟೂ ಕೆಲವು ತಿಂಗಳು, ಸೂರ್ಯ ನೆತ್ತಿಯನ್ನು ದಾಟಿ ಆಚೆ ಬದಿಗೆ ಹೋಗುವುದರಿಂದ, ಉತ್ತರ ಮತ್ತು ದಕ್ಷಿಣ ಎರಡೂ ಗೋಡೆಗಳಿಗೆ ಸಜ್ಜಾ ಬೇಕು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಮನೆಯ ಅತಿ ಬಿಸಿಯಾಗುವ ಭಾಗ ಗೋಡೆಯಲ್ಲ, ಚಾವಣಿ.

4. ಆಕಾರ, ಮತ್ತು ನೆಲದ ಮೇಲೆ ಸುಣ್ಣದ ಗೆರೆ

ನಮ್ಮ 50 ಚದರ ಮೀಟರನ್ನು 5 ಮತ್ತು 10 ಮೀಟರಿನ ಆಯತವಾಗಿ ಕಟ್ಟಿದರೆ ಹೊರಗೋಡೆಯ ಒಟ್ಟು ಉದ್ದ 30 ಮೀಟರ್. ಅಷ್ಟೇ ಜಾಗವನ್ನು 2.5 ಮತ್ತು 20 ಮೀಟರಿನ ಉದ್ದನೆಯ ಪಟ್ಟಿಯಾಗಿ ಕಟ್ಟಿದರೆ 45 ಮೀಟರ್. ಒಳಗೆ ಸಿಕ್ಕ ಜಾಗ ಒಂದೇ, ಆದರೆ ಗೋಡೆ, ತಳಪಾಯ, ಬಣ್ಣ, ಶಾಖ ಸೋರುವ ಮೈ ಎಲ್ಲವೂ ಒಂದೂವರೆ ಪಟ್ಟು. ಮೂಲೆಗಳು ಹೆಚ್ಚಿದಷ್ಟೂ ಇದೇ ಕಥೆ. ಚಚ್ಚೌಕಕ್ಕೆ ಸುತ್ತಳತೆ ಇನ್ನೂ ಕಡಿಮೆ, ಸುಮಾರು 28.3 ಮೀಟರ್, ಆದರೂ ನಾನು 5 ಮತ್ತು 10ರ ಆಯತವನ್ನೇ ಆರಿಸುತ್ತೇನೆ, ಅದಕ್ಕೆ ಕಾರಣ ಮುಂದಿನ ಹೆಜ್ಜೆಯಲ್ಲಿ ಸಿಗುತ್ತದೆ.

ಎರಡು ಮಹಡಿ ಮಾಡಿದರೆ ಚಾವಣಿ ಮತ್ತು ತಳಪಾಯ ಅರ್ಧಕ್ಕೆ ಇಳಿಯುತ್ತವೆ ಎಂಬುದು ನಿಜ. ಆದರೆ ಮೆಟ್ಟಿಲಿನ ಲೆಕ್ಕವನ್ನು ಮರೆಯಬಾರದು: 3 ಮೀಟರ್ ಎತ್ತರಕ್ಕೆ ಸುಮಾರು 16.7 ಸೆಂಟಿಮೀಟರಿನ 18 ಏರುಗಳು, 25 ಸೆಂಟಿಮೀಟರಿನ 17 ತುಳಿಹಲಗೆಗಳು, 90 ಸೆಂಟಿಮೀಟರ್ ಅಗಲ ಎಂದುಕೊಂಡರೆ ಮೆಟ್ಟಿಲು 3.8 ಚದರ ಮೀಟರ್ ತಿನ್ನುತ್ತದೆ. ಮಹಡಿಯೊಂದಕ್ಕೆ 25 ಚದರ ಮೀಟರ್ ಇರುವಲ್ಲಿ ಇದು ಶೇ. 15. ಜಾಗ ಇಕ್ಕಟ್ಟಾಗಿಲ್ಲದಿದ್ದರೆ, ಮುಪ್ಪಿನ ಮೊಣಕಾಲನ್ನೂ ಲೆಕ್ಕಕ್ಕೆ ಹಿಡಿದರೆ, ಪುಟ್ಟ ಮನೆಗೆ ಒಂದೇ ನೆಲೆ ಲೇಸು.

ಆಯತದೊಳಗೆ ಮೊದಲು ಕೂರಿಸಬೇಕಾದದ್ದು ನೀರಿನ ಜಾಗಗಳನ್ನು. ಅಡುಗೆಯ ಕಟ್ಟೆ, ಬಚ್ಚಲು, ಶೌಚಾಲಯ, ಬಟ್ಟೆ ಒಗೆಯುವ ಸ್ಥಳ ಇವು ಒಂದೇ ಗೋಡೆಯ ಎರಡೂ ಬದಿಗೆ ಬರುವಂತೆ ಜೋಡಿಸಿದರೆ ಕೊಳವೆಯ ಉದ್ದ, ಸೋರುವ ಜಾಗಗಳ ಸಂಖ್ಯೆ ಮತ್ತು ಬಿಸಿನೀರಿಗೆ ಕಾಯುವ ಹೊತ್ತು ಮೂರೂ ಕಡಿಮೆಯಾಗುತ್ತವೆ. 15 ಮಿಲಿಮೀಟರ್ ಒಳವ್ಯಾಸದ ಕೊಳವೆಯ ಒಂದು ಮೀಟರಿನಲ್ಲಿ ಸುಮಾರು 0.18 ಲೀಟರ್ ನೀರು ನಿಂತಿರುತ್ತದೆ. ಹೀಟರಿನಿಂದ ಬಚ್ಚಲು 12 ಮೀಟರ್ ದೂರವಿದ್ದರೆ, ನಲ್ಲಿ ತಿರುಗಿಸಿದಾಗಲೆಲ್ಲ ಎರಡು ಲೀಟರಿಗಿಂತ ಹೆಚ್ಚು ತಣ್ಣೀರು ಸುಮ್ಮನೆ ಹರಿದುಹೋಗುತ್ತದೆ. ಆಮೇಲೆ ಓಣಿಗಳನ್ನು ಅಳಿಸಬೇಕು. ಐದು ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ ಒಂದು ಓಣಿ ನಮ್ಮ ಮನೆಯ ಶೇ. 9ರಷ್ಟು ಜಾಗವನ್ನು ನಡೆಯುವುದಕ್ಕೆಂದೇ ತೆಗೆದುಕೊಳ್ಳುತ್ತದೆ. ಓಣಿ ಬೇಕೇಬೇಕೆಂದಾದರೆ ಅದರ ಒಂದು ಬದಿಯನ್ನು ಪೂರ್ತಿ ಕಪಾಟಾಗಿಸಬೇಕು. ಬಾಗಿಲುಗಳೂ ಅಷ್ಟೆ. 80 ಸೆಂಟಿಮೀಟರಿನ ಒಂದು ಬಾಗಿಲು ತೆರೆಯುವಾಗ ಅರ್ಧ ಚದರ ಮೀಟರ್ ನೆಲವನ್ನು ಗುಡಿಸಿಕೊಂಡು ಹೋಗುತ್ತದೆ, ಅಲ್ಲಿ ಏನನ್ನೂ ಇಡಲಾಗದು. ಒಳಬಾಗಿಲುಗಳು ಜಾರುವ ಬಗೆಯವಾದರೆ ಆ ನೆಲ ನಮಗೆ ಉಳಿಯುತ್ತದೆ.

ನಕ್ಷೆ ಒಂದು ಹದಕ್ಕೆ ಬಂದ ಮೇಲೆ ಅದನ್ನು ಮೈದಾನದಲ್ಲೋ ತಾರಸಿಯ ಮೇಲೋ ನಿಜವಾದ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಬರೆಯಬೇಕು. ಈ ಹೆಜ್ಜೆಯನ್ನು ಯಾರೂ ಬಿಡಬಾರದು ಎಂದು ಒತ್ತಿ ಹೇಳಲು ನನಗೆ ನನ್ನದೇ ಕಾರಣವಿದೆ. ನಾನು ಮೊದಲು ಬರೆದ ನಕ್ಷೆಯೊಂದರಲ್ಲಿ ಮಂಚಕ್ಕೂ ಗೋಡೆಗೂ ನಡುವೆ 40 ಸೆಂಟಿಮೀಟರ್ ಬಿಟ್ಟಿದ್ದೆ. ಕಾಗದದ ಮೇಲೆ ಅದು ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಸುಣ್ಣದ ಗೆರೆಯ ನಡುವೆ ನಿಂತು, ಹಾಸಿಗೆಯ ಚಾದರವನ್ನು ಸಿಕ್ಕಿಸುವವರಂತೆ ಬಗ್ಗಿದಾಗ ನನ್ನ ಹಿಂಭಾಗ ಗೋಡೆಯಿರಬೇಕಾದ ಗೆರೆಯನ್ನು ದಾಟಿ ಆಚೆ ಹೋಗಿತ್ತು. ಅಲ್ಲಿಗೆ ಕನಿಷ್ಠ 60 ಸೆಂಟಿಮೀಟರ್ ಬೇಕು, 75 ಇದ್ದರೆ ನೆಮ್ಮದಿ. ಸುಣ್ಣದ ಮನೆಯಲ್ಲಿ ಕುರ್ಚಿ ಹಿಂದಕ್ಕೆ ಎಳೆದು ನೋಡಬೇಕು, ರಟ್ಟಿನ ಪೆಟ್ಟಿಗೆಗಳನ್ನು ಅಡುಗೆಯ ಕಟ್ಟೆಯ ಎತ್ತರಕ್ಕೆ, ಅಂದರೆ 85ರಿಂದ 90 ಸೆಂಟಿಮೀಟರಿಗೆ ಪೇರಿಸಿ ಅದರ ಮುಂದೆ ಇಬ್ಬರು ಬೆನ್ನು ತಾಗದೆ ದಾಟಬಹುದೇ ಎಂದು ನೋಡಬೇಕು. ಗಾಲಿಕುರ್ಚಿ ಸುತ್ತು ತಿರುಗಲು 1.5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು; ಬಚ್ಚಲಿನಲ್ಲಿ ಅಲ್ಲದಿದ್ದರೆ ಅದರ ಬಾಗಿಲ ಮುಂದಾದರೂ ಅದು ಸಿಗುವಂತಿರಲಿ, ಇಂದಿಗೆ ಬೇಡದಿದ್ದರೂ.

5. ಅಡ್ಡಕೊಯ್ತದ ಚಿತ್ರ

ಮನೆಯನ್ನು ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಕೊಯ್ದು ಪಕ್ಕದಿಂದ ನೋಡಿದಂತೆ ಬರೆಯುವ ಚಿತ್ರವಿದು. ಹೆಚ್ಚಿನ ಮನೆಗಳ ವಿನ್ಯಾಸ ನೆಲದ ನಕ್ಷೆಗೇ ನಿಂತುಬಿಡುವುದರಿಂದ ಗಾಳಿ ಬೆಳಕುಗಳು ಕಿಟಕಿ ಬಿದ್ದ ಕಡೆ ಬಿದ್ದಂತೆ ಆಗುತ್ತವೆ. ಪುಟ್ಟ ಮನೆ ಇಕ್ಕಟ್ಟೆನಿಸುವುದೂ ಬಿಡುವುದೂ ಈ ಚಿತ್ರದಲ್ಲೇ ನಿರ್ಧಾರವಾಗುತ್ತದೆ.

ಹಗಲಿನ ಬೆಳಕು ಕಿಟಕಿಯ ನೆತ್ತಿಯ ಎತ್ತರದ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಕೋಣೆಯೊಳಗೆ ಉಪಯುಕ್ತವಾಗಿ ತಲುಪುತ್ತದೆ ಎಂಬುದು ವಿನ್ಯಾಸಕಾರರು ಬಳಸುವ ಅಂದಾಜು. ಕಿಟಕಿಯ ನೆತ್ತಿ 2.1 ಮೀಟರಿನಲ್ಲಿದ್ದರೆ ಅದು ನಾಲ್ಕರಿಂದ ಐದು ಮೀಟರ್. ನಮ್ಮ ಮನೆಯ ಅಗಲ 5 ಮೀಟರ್ ಎಂದು ನಿಂತದ್ದು ಈ ಕಾರಣಕ್ಕೆ, ಚಚ್ಚೌಕದ 7 ಮೀಟರಿನಲ್ಲಿ ಒಂದು ಬದಿಯ ಕಿಟಕಿಯ ಬೆಳಕು ಆಚೆ ತುದಿಯನ್ನು ತಲುಪದೆ, ಅಲ್ಲಿ ಹಗಲಲ್ಲೂ ದೀಪ ಬೇಕಾಗುತ್ತಿತ್ತು. ನೆತ್ತಿಯನ್ನು 2.4 ಮೀಟರಿಗೆ ಏರಿಸಿದರೆ ಬೆಳಕು ಇನ್ನೂ 60ರಿಂದ 75 ಸೆಂಟಿಮೀಟರ್ ಒಳಗೆ ಬರುತ್ತದೆ. ಆದ್ದರಿಂದ ಕಿಟಕಿಯನ್ನು ಅಗಲವಾಗಿಸುವ ಮುನ್ನ ಎತ್ತರಿಸಬೇಕು, ಮತ್ತು ಒಳಚಾವಣಿಗೆ ಬಿಳಿ ಬಣ್ಣವನ್ನೇ ಬಳಿಯಬೇಕು.

ಗಾಳಿಗೂ ಇಂಥದೇ ಅಂದಾಜಿದೆ. ಒಂದೇ ಬದಿಯಲ್ಲಿ ಕಿಟಕಿಯಿದ್ದರೆ ಗಾಳಿ ಚಾವಣಿಯ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗಷ್ಟೇ ಆಡುತ್ತದೆ. ಎದುರುಬದಿರು ಕಿಟಕಿಗಳಿದ್ದರೆ ಐದು ಪಟ್ಟಿನವರೆಗೂ ಹಾಯುತ್ತದೆ. ಗಾಳಿ ಬರುವ ಕಡೆಯ ಕಿಟಕಿ ಕುಳಿತವರ ಮೈಗೆ ತಾಗುವಷ್ಟು ಕೆಳಗಿರಲಿ, ಹೊರಹೋಗುವ ಕಿಂಡಿ ಚಾವಣಿಗೆ ಹತ್ತಿರವಿರಲಿ. ಬಿಸಿಗಾಳಿ ಹಗುರವಾಗಿ ಮೇಲೇರುವುದರಿಂದ, ಹೊರಗೆ ಎಲೆ ಅಲುಗಾಡದ ದಿನವೂ ಎರಡು ಕಿಂಡಿಗಳ ಎತ್ತರದ ಅಂತರವೇ ಒಂದಷ್ಟು ಗಾಳಿಯನ್ನು ಎಳೆಯುತ್ತದೆ. ಅಂತರ ಹೆಚ್ಚಿದಷ್ಟೂ ಎಳೆತ ಹೆಚ್ಚು. ಇಳಿಜಾರು ಚಾವಣಿಯ ತುದಿಯಲ್ಲೊಂದು ಗವಾಕ್ಷಿ ಬಿಟ್ಟರೆ ಈ ಕೆಲಸ ಸಲೀಸು. ಆದರೆ ಅದನ್ನು ನೆಲದಿಂದಲೇ ತೆರೆದು ಮುಚ್ಚಲು ಹಗ್ಗವೋ ಉದ್ದ ಕೋಲೋ ಇರಬೇಕು. ಏಣಿ ಹತ್ತಿ ತೆರೆಯಬೇಕಾದ ಗವಾಕ್ಷಿ ಮೊದಲ ವಾರ ತೆರೆಯುತ್ತದೆ, ಆಮೇಲೆ ಜೇಡರ ಬಲೆಗೆ ಆಧಾರವಾಗುತ್ತದೆ.

ಕಡುಚಳಿಯ ನಾಡುಗಳಲ್ಲಿ ವಿಚಾರ ತಿರುವುಮುರುವು. ಅಲ್ಲಿ ಸಂದುಗೊಂದುಗಳಿಂದ ಸೋರುವ ಗಾಳಿಯನ್ನು ಮೊದಲು ನಿಲ್ಲಿಸಿ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಸಣ್ಣ ಯಂತ್ರದ ಮೂಲಕ ಉಸಿರಾಡಿಸಬೇಕು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1990-91ರಲ್ಲಿ ಕಟ್ಟಿದ, ಪ್ಯಾಸಿವ್‌ಹೌಸ್ ಎಂಬ ಅತಿ ಕಡಿಮೆ ಶಕ್ತಿ ಬೇಡುವ ಮಾನದಂಡದ ಮೊದಲ ಮನೆಗಳು ಈ ದಾರಿಯವು. ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ಟಿಗಿಂತ (ಕಿಲೋವಾಟ್-ಗಂಟೆಗಿಂತ) ಹೆಚ್ಚು ಶಾಖ ಬೇಡಬಾರದು ಎಂಬುದು ಆ ಮಾನದಂಡದ ಒಂದು ಕಟ್ಟಳೆ.

6. ಚಾವಣಿ, ಗೋಡೆ, ಸಾಮಗ್ರಿ

ಬಿಸಿನಾಡಿನಲ್ಲಿ ಹಣ ಒಂದೇ ಕಡೆ ಸುರಿಯಬೇಕಾದರೆ ಚಾವಣಿಯ ಮೇಲೆ ಸುರಿಯಬೇಕು. ನಡುಹಗಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿಯನ್ನು ಚಾವಣಿಯ ಮೇಲೆ ಹೊಯ್ಯುತ್ತದೆ. ಕಪ್ಪು ಮೈ ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ, ಹೊಸದಾದ ಬಿಳಿಯ ಪ್ರತಿಫಲಕ ಲೇಪ ಶೇ. 80ರ ಹತ್ತಿರ ಹಿಂದಕ್ಕೆ ಎಸೆಯುತ್ತದೆ. ಧೂಳು ಕೂತರೆ ಇದು ಇಳಿಯುವುದರಿಂದ ವರ್ಷಕ್ಕೊಮ್ಮೆ ತೊಳೆಯಬೇಕು. ಇದರ ಕೆಳಗೆ ಶಾಖ ನಿರೋಧಕ ಪದರ. ಕಾಂಕ್ರೀಟನ್ನು ದಪ್ಪ ಮಾಡಿದರೆ ತಂಪಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಐದು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಬಗೆಯ ಹಲಗೆ ತಡೆಯುವಷ್ಟು ಶಾಖವನ್ನು ತಡೆಯಲು ಕಾಂಕ್ರೀಟು ಸುಮಾರು ಎರಡು ಮೀಟರ್ ದಪ್ಪವಿರಬೇಕಾಗುತ್ತದೆ. ನಿರೋಧಕ ಪದರವನ್ನು ಚಾವಣಿಯ ಮೇಲ್ಮೈಗೆ ಹಾಕಬೇಕೇ ಹೊರತು ಒಳಗಡೆಗಲ್ಲ. ಒಳಗೆ ಹಾಕಿದರೆ ಹಗಲಿಡೀ ಕಾದ ಕಾಂಕ್ರೀಟು ಹಾಗೆಯೇ ಕಾದಿರುತ್ತದೆ, ಅದರ ತೂಕದಿಂದ ನಮಗೆ ಆಗಬೇಕಾದ ಉಪಕಾರವೂ ಆಗುವುದಿಲ್ಲ.

ಗೋಡೆಯ ಆಯ್ಕೆ ಹವಾಮಾನವನ್ನು ನೋಡಿಕೊಂಡು. ಹಗಲು ಸುಡುವ, ರಾತ್ರಿ ತಣಿಯುವ ಒಣನಾಡಿನಲ್ಲಿ ದಪ್ಪನೆಯ ಭಾರದ ಗೋಡೆ ಹಗಲಿನ ಶಾಖವನ್ನು ಗಂಟೆಗಟ್ಟಲೆ ತಡೆದು ಹಿಡಿದು ರಾತ್ರಿಗೆ ಬಿಡುತ್ತದೆ, ಆಗ ಕಿಟಕಿ ತೆರೆದು ಅದನ್ನು ಹೊರದೂಡಬಹುದು. ಹಗಲಿಗೂ ರಾತ್ರಿಗೂ ಹೆಚ್ಚು ಅಂತರವಿಲ್ಲದ ತೇವದ ಸೆಕೆನಾಡಿನಲ್ಲಿ ಅದೇ ಗೋಡೆ ರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ. ಅಲ್ಲಿ ಹಗುರ ಗೋಡೆ, ಅಗಲವಾದ ಸೂರು, ಧಾರಾಳವಾದ ಗಾಳಿಯೇ ಗತಿ.

ಸಾಮಗ್ರಿಗಳಲ್ಲಿ ಎಚ್ಚರದಿಂದ ಬಳಸಬೇಕಾದದ್ದು ಸಿಮೆಂಟು ಮತ್ತು ಕಬ್ಬಿಣ. ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಇಂಧನದ ಹೊಗೆ ಒತ್ತಟ್ಟಿಗಿರಲಿ, 100 ಕಿಲೋ ಶುದ್ಧ ಸುಣ್ಣದಕಲ್ಲು ಒಡೆದು ಸುಣ್ಣವಾಗುವಾಗ ಕಲ್ಲಿನೊಳಗಿಂದಲೇ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸೌರಶಕ್ತಿಯಿಂದ ಕಾಯಿಸಿದರೂ ಈ 44 ಕಿಲೋ ತಪ್ಪದು. ಆದ್ದರಿಂದ ಹಾರುಬೂದಿಯೋ ಊದುಕುಲುಮೆಯ ಕಿಟ್ಟವೋ ಬೆರೆತ ಸಿಮೆಂಟನ್ನು ಕೇಳಿ ತರಬೇಕು, ಅದಕ್ಕಿಂತ ಮೊದಲು ಸಿಮೆಂಟು ಬೇಕಾಗುವ ಜಾಗಗಳನ್ನೇ ಕಡಿಮೆ ಮಾಡಬೇಕು. ಒತ್ತಿದ ಮಣ್ಣಿನ ಇಟ್ಟಿಗೆಗೆ ಶೇ. 5ರಿಂದ 8ರಷ್ಟು ಸಿಮೆಂಟು ಸಾಕು, ಅದನ್ನು ಸುಡಬೇಕಾಗಿಲ್ಲ. ಸುಟ್ಟ ಇಟ್ಟಿಗೆಯೇ ಆಗಬೇಕೆಂದರೆ, ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ್‍ಯಾಟ್ ಟ್ರ್ಯಾಪ್ ಕಟ್ಟಣೆಯಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಶಾಖವನ್ನೂ ತಡೆಯುತ್ತದೆ; ಮೇಸ್ತ್ರಿಗೆ ಈ ಕಟ್ಟಣೆ ಹೊಸದಾದರೆ ಮೊದಲು ಒಂದು ಮೀಟರ್ ಗೋಡೆಯನ್ನು ಮಾದರಿಯಾಗಿ ಕಟ್ಟಿಸಿ ನೋಡಬೇಕು. ಸಂದುಗಳನ್ನು ಅಚ್ಚುಕಟ್ಟಾಗಿ ತುಂಬಿದ ಗೋಡೆಗೆ ಗಿಲಾವು ಬೇಕಾಗಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಗಳನ್ನು ಮುಂದೊಂದು ದಿನ ಬಿಡಿಸಿ ಮತ್ತೆ ಬಳಸಬಹುದು, ಗಟ್ಟಿ ಸಿಮೆಂಟಿನ ಗಾರೆಯಲ್ಲಿ ಕಟ್ಟಿದ್ದು ಒಡೆಯುವಾಗ ಇಟ್ಟಿಗೆಯೇ ಪುಡಿಯಾಗುತ್ತದೆ. ಹಳೆಯ ಕಟ್ಟಡದಿಂದ ಬಂದ ಬಾಗಿಲು ಕಿಟಕಿ ಬಳಸುವುದಾದರೆ ಅವನ್ನು ಮೊದಲು ಕೊಂಡು, ಆಮೇಲೆ ಅವುಗಳ ಅಳತೆಗೆ ಗೋಡೆಯಲ್ಲಿ ಜಾಗ ಬಿಡಬೇಕು. ಇದನ್ನು ಹಿಂದುಮುಂದು ಮಾಡಿದವರು ಚೌಕಟ್ಟು ಕೊಯ್ಯಿಸಿ ಹೊಸ ಬಾಗಿಲಿನಷ್ಟೇ ಖರ್ಚು ಮಾಡಿಕೊಳ್ಳುತ್ತಾರೆ.

7. ನೀರು

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸೂರೂ ಸೇರಿ ನಮ್ಮ ಚಾವಣಿ 65 ಚದರ ಮೀಟರ್ ಎಂದೂ, ವರ್ಷದ ಮಳೆ 800 ಮಿಲಿಮೀಟರ್ ಎಂದೂ, ಐದರಲ್ಲಿ ಒಂದು ಪಾಲು ಸೋರಿ, ಆವಿಯಾಗಿ ಹೋಗುತ್ತದೆಂದೂ ಹಿಡಿದರೆ ಕೈಗೆ ಸಿಗುವುದು 41,600 ಲೀಟರ್. ಇಬ್ಬರು ದಿನಕ್ಕೆ ತಲಾ 100 ಲೀಟರ್ ಬಳಸಿದರೆ ವರ್ಷಕ್ಕೆ ಬೇಕಾದದ್ದು 73,000. ಅಂದರೆ ಅರ್ಧಕ್ಕಿಂತ ಹೆಚ್ಚು ತಲೆಯ ಮೇಲೆಯೇ ಬೀಳುತ್ತದೆ. ತೊಟ್ಟಿಯ ಗಾತ್ರವನ್ನು ಮಾತ್ರ ವರ್ಷದ ಮೊತ್ತದಿಂದ ನಿರ್ಧರಿಸಬಾರದು, ಎರಡು ಮಳೆಗಳ ನಡುವಿನ ಒಣದಿನಗಳಿಂದ ನಿರ್ಧರಿಸಬೇಕು: 60 ಒಣದಿನ, ಇಬ್ಬರು, ಕುಡಿಯಲು, ಅಡುಗೆಗೆ, ಸ್ನಾನಕ್ಕೆ ತಲಾ 40 ಲೀಟರ್ ಎಂದರೆ 4,800 ಲೀಟರಿನ ತೊಟ್ಟಿ ಸಾಕು. ಉಳಿದದ್ದು ಇಂಗುಗುಂಡಿಗೆ. ಮೊದಲ ಮಳೆಯ ಒಂದೆರಡು ಮಿಲಿಮೀಟರ್, ಅಂದರೆ 65ರಿಂದ 130 ಲೀಟರ್, ಹಕ್ಕಿಯ ಹಿಕ್ಕೆ ಮತ್ತು ಧೂಳನ್ನು ಹೊತ್ತು ತರುವುದರಿಂದ ಅದನ್ನು ಬೇರೆ ಕೊಳವೆಯಲ್ಲಿ ಹೊರಬಿಡುವ ಏರ್ಪಾಡು ಕಡ್ಡಾಯ. ಕುಡಿಯುವ ಮುನ್ನ ಸೋಸಿ ಕುದಿಸಬೇಕು ಅಥವಾ ಬೇರೆ ಬಗೆಯಲ್ಲಿ ಶುದ್ಧ ಮಾಡಬೇಕು.

ಸ್ನಾನದ ಮತ್ತು ಬಟ್ಟೆ ಒಗೆದ ನೀರಿನ ಕೊಳವೆಯನ್ನು ಶೌಚದ ಕೊಳವೆಯಿಂದ ಕಟ್ಟುವಾಗಲೇ ಬೇರ್ಪಡಿಸಿದರೆ ಮುಂದೆ ಎಂದಾದರೂ ಅದನ್ನು ಗಿಡಗಳಿಗೆ ತಿರುಗಿಸಬಹುದು. ಆ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಶೇಖರಿಸಿಡಬಾರದು, ನಾರುತ್ತದೆ. 3 ಮತ್ತು 6 ಲೀಟರಿಗೆ ಬೇರೆ ಬೇರೆ ಒತ್ತುಗುಂಡಿಯಿರುವ ಫ್ಲಶ್, ನಲ್ಲಿಯ ಬಾಯಿಗೆ ಗಾಳಿ ಬೆರೆಸುವ ಜಾಲರಿ ಇವೆರಡೂ ಸಣ್ಣ ಖರ್ಚಿನವು.

8. ವಿದ್ಯುತ್ತು

ಇಲ್ಲಿ ಒಂದೇ ಲೆಕ್ಕ ನೆನಪಿಟ್ಟರೆ ಸಾಕು. 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 3.5 ಯೂನಿಟ್ ಬೇಕು. 9 ವಾಟಿನ 78 ಎಲ್‌ಇಡಿ ದೀಪಗಳನ್ನು ಐದು ಗಂಟೆ ಉರಿಸಿದರೆ ಆಗುವಷ್ಟು ಖರ್ಚು ಇದು. ದೀಪಗಳನ್ನು ಆರಿಸುತ್ತ ಓಡಾಡುವವರು ಬಿಸಿನೀರಿನ ಕಡೆ ಮೊದಲು ನೋಡಬೇಕು: ಸೌರ ಜಲತಾಪಕವೋ, ಹೊರಗಿನ ಗಾಳಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಪಂಪೋ ಆ ಖರ್ಚಿನ ದೊಡ್ಡ ಪಾಲನ್ನು ಉಳಿಸುತ್ತದೆ. ಫಲಕಗಳಿಗೆ ಒಂದು ಕಿಲೋವಾಟಿಗೆ ಸುಮಾರು 5 ಚದರ ಮೀಟರ್ ನೆರಳಿಲ್ಲದ ಚಾವಣಿ ಬೇಕು, ಸಮಭಾಜಕದ ಕಡೆಗೆ ಮುಖವಿರಬೇಕು, ಓರೆ ಊರಿನ ಅಕ್ಷಾಂಶಕ್ಕೆ ಹತ್ತಿರವಿರಬೇಕು. ಈಗ ಕೂರಿಸಲು ಹಣವಿಲ್ಲದಿದ್ದರೆ ಚಾವಣಿಯಿಂದ ಮೀಟರಿನವರೆಗೆ ಒಂದು ಖಾಲಿ ಕೊಳವೆಯನ್ನಾದರೂ ಗೋಡೆಯೊಳಗೆ ಹಾಯಿಸಿಡಬೇಕು.

9. ಕಟ್ಟುವಾಗ ಮತ್ತು ಮೊದಲ ವರ್ಷ

ಗಿಲಾವು ಅಥವಾ ಬಣ್ಣ ಮುಚ್ಚಿಹಾಕುವ ಮುನ್ನ ಪ್ರತಿಯೊಂದು ಗೋಡೆಯ ಪಕ್ಕಕ್ಕೂ ಅಳತೆಪಟ್ಟಿ ಹಿಡಿದು, ಕೊಳವೆ ಮತ್ತು ತಂತಿಗಳು ಕಾಣುವಂತೆ ಫೋಟೋ ತೆಗೆದಿಡಬೇಕು. ನೀರಿನ ಕೊಳವೆಗಳಿಗೆ ಒತ್ತಡ ಹಾಕಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮಾಪಕದ ಮುಳ್ಳು ಇಳಿದಿಲ್ಲವೆಂದು ಕಣ್ಣಾರೆ ನೋಡಿದ ಮೇಲೆಯೇ ಗಿಲಾವಿಗೆ ಒಪ್ಪಿಗೆ ಕೊಡಬೇಕು.

ವಾಸಕ್ಕೆ ಬಂದ ಮೇಲೆ ಒಂದು ವರ್ಷ ಸುಮ್ಮನೆ ಗಮನಿಸುವುದು ಒಳ್ಳೆಯದು. ಎರಡು ಅಗ್ಗದ ಉಷ್ಣಮಾಪಕಗಳನ್ನು ತಂದು ಒಂದನ್ನು ಮಲಗುವ ಕಡೆ, ಇನ್ನೊಂದನ್ನು ಹೊರಗೆ ನೆರಳಿನಲ್ಲಿ ತೂಗುಹಾಕಿ, ಸಂಜೆಯ ಹೊತ್ತಿಗೆ ಎರಡರ ಅಂಕಿಗಳನ್ನು ಬರೆದಿಡಬೇಕು. ಒಳಗಿನದು ದಿನವೂ ಹೊರಗಿನದಕ್ಕಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಿದ್ದರೆ, ಏರ್ ಕಂಡಿಷನರ್ ಕೊಳ್ಳುವ ಮುನ್ನ ಪಶ್ಚಿಮದ ಗೋಡೆಗೆ ಕೈಯಿಟ್ಟು ನೋಡಬೇಕು, ಆಮೇಲೆ ಚಾವಣಿಯ ಅಡಿಗೆ; ಯಾವುದು ಬಿಸಿಯಿದೆಯೋ ಅಲ್ಲಿಗೆ ನೆರಳು ಬೇಕು. ಮೊದಲ ಜೋರು ಮಳೆಯ ದಿನ ಮಳೆ ನಿಲ್ಲುವುದನ್ನು ಕಾಯದೆ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬರಬೇಕು. ಸೂರಿನ ದೋಣಿ ಎಲ್ಲಿ ತುಂಬಿ ಚೆಲ್ಲುತ್ತಿದೆ, ಚೆಲ್ಲಿದ ನೀರು ತಳಪಾಯದಿಂದ ದೂರ ಹರಿಯುತ್ತಿದೆಯೇ, ಇಲ್ಲವೇ ಗೋಡೆಯ ಬುಡದಲ್ಲೇ ನಿಲ್ಲುತ್ತಿದೆಯೇ ಎಂಬುದು ಆ ಹತ್ತು ನಿಮಿಷದಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ನೀರು ನಿಂತ ಕಡೆ ಒಂದು ಕಲ್ಲಿಟ್ಟು ಗುರುತು ಮಾಡಿ ಬಂದರೆ, ಮರುದಿನ ಒಂದು ಗುದ್ದಲಿಯ ಕೆಲಸದಲ್ಲಿ ಅದು ಸರಿಹೋಗುತ್ತದೆ.